ಚಿಕ್ಕತಾಯಮ್ಮ ಪಿಸ್ತೂಲು ಕೇಳಿದ್ದು

ಹೊಸದಾಗಿ ಇಲಾಖೆಗೆ ಸೇರಿದ ಸಬ್‌ಇನ್‌ಸ್ಪೆಕ್ಟರ್‌ಗಳು ಯಾವುದಾದರೂ ಮದುವೆ ಮನೆಯಲ್ಲಿ ಸಿಕ್ಕರೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೊಲೆ ಕೇಸುಗಳ ಕಥೆ ಕೇಳುತ್ತಾರೆ. ಬಂದೂಕು ಪರವಾನಗಿಯ ವಿಚಾರಣೆ ಹೇಗೆ ಮಾಡುತ್ತಿದ್ದಿರಿ ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಠಾಣೆಯಲ್ಲಿ ಅದು ಯಾರಿಗೂ ಬೇಡದ ಕೆಲಸ. ಜಿಲ್ಲಾಧಿಕಾರಿ ಕಚೇರಿಯಿಂದ ಅರ್ಜಿ ಬರುತ್ತದೆ, ನಾವು ಅರ್ಜಿದಾರರ ಮನೆಗೆ ಹೋಗಿ ನೋಡಿ, ಕೊಡಬಹುದು ಅಥವಾ ಕೊಡಬಾರದು ಎಂದು ವರದಿ ಬರೆಯಬೇಕು. ಚನ್ನಪಟ್ಟಣ, ಕನಕಪುರ, ಮಾಗಡಿ, ರಾಮನಗರ, ನಾನು ಎಲ್ಲಿಗೆ ವರ್ಗವಾಗಿ ಹೋದರೂ ಈ ಕೆಲಸ ನನ್ನ ತಲೆಗೇ ಬೀಳುತ್ತಿತ್ತು. ನಿವೃತ್ತನಾದ ಮೇಲೆ ಯೋಚಿಸಿದರೆ, ಮನುಷ್ಯರ ಭಯ ಎಂಥದ್ದು ಎಂಬುದನ್ನು ನಾನು ಕಲಿತಿದ್ದು ಕೊಲೆ ಕೇಸುಗಳಿಗಿಂತ ಹೆಚ್ಚಾಗಿ ಈ ವಿಚಾರಣೆಗಳಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಷ್ಟೋ ವರದಿಗಳು ಠಾಣೆಯ ಮೇಜಿನ ಮೇಲೇ ತಯಾರಾಗುತ್ತಿದ್ದವು. ಅರ್ಜಿದಾರ ದೊಡ್ಡ ಮನುಷ್ಯನಾದರೆ ಕೊಡಬಹುದು, ಹಿಂದೆ ಮುಂದೆ ಯಾರೂ ಇಲ್ಲದವನಾದರೆ ಕೊಡಬಾರದು. ಚನ್ನಪಟ್ಟಣದಲ್ಲಿ ನನ್ನ ಮೇಲೆ ಒಬ್ಬ ಇನ್‌ಸ್ಪೆಕ್ಟರ್ ಇದ್ದರು, ಮಳವಳ್ಳಿ ಕಡೆಯವರು, ಮಾತು ಕಡಿಮೆ. ಅವರು ಮಾತ್ರ ಮನೆ ನೋಡದೆ ಬರೆದ ವರದಿಗೆ ಸಹಿ ಹಾಕುತ್ತಿರಲಿಲ್ಲ. ಮೊದಲ ಸಲ ನನ್ನನ್ನು ಕಳಿಸುವಾಗ ಹೇಳಿದರು: "ಯಾಕೆ ಬೇಕು ಅಂತ ಕೇಳ್ಬ್ಯಾಡ. ಅದಕ್ಕೆ ಉತ್ತರ ರೆಡಿ ಮಾಡ್ಕೊಂಡೇ ಕೂತಿರ್ತಾರೆ. ತಂದ್ರೆ ಎಲ್ಲಿ ಇಡ್ತೀರಿ ಅಂತ ಕೇಳು. ಮನೇಲಿ ಯಾರ್ಯಾರವ್ರೆ ನೋಡ್ಕೊಂಡು ಬಾ."

ಆ ಮೊದಲ ಮನೆ ಒಬ್ಬ ಬೊಂಬೆ ವ್ಯಾಪಾರಿಯದು. ಎಲ್ಲಿ ಇಡುತ್ತೀರಿ ಎಂದು ಕೇಳಿದಾಗ ಯಜಮಾನರು ಬೀರು ತೋರಿಸಿದರು. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದೆ. ಅವರು ಹೇಳುವ ಮೊದಲೇ ಅವರ ಹೆಂಡತಿ ಅಡುಗೆ ಮನೆ ಬಾಗಿಲಿಗೆ ಬಂದು ನಿಂತರು. ನಾನು ಹೊರಟಾಗ ಆಕೆ ಗೇಟಿನವರೆಗೂ ಬಂದು, ಸಿಟ್ಟು ಬಂದರೆ ಇವರು ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸುತ್ತಾರೆ, ದಯವಿಟ್ಟು ಕೊಡಿಸಬೇಡಿ ಎಂದು ತಗ್ಗಿದ ದನಿಯಲ್ಲಿ ಹೇಳಿ ಒಳಗೆ ಹೋದರು. ಕೊಡಬಾರದು ಎಂದು ಬರೆದೆ. ಆ ಯಜಮಾನರು ಆಮೇಲೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅವರ ಹೆಂಡತಿ ಸಂತೆಯಲ್ಲಿ ಸಿಕ್ಕರೆ ಒಂದು ನಗು ನಗುತ್ತಿದ್ದರು.

ಬಿಡದಿ ಕಡೆ ಜಮೀನಿಗೆ ಬೆಲೆ ಏರಿದ ಮೇಲೆ ಅರ್ಜಿಗಳ ಸ್ವಭಾವವೇ ಬದಲಾಯಿತು. ಮೊದಲೆಲ್ಲ ಹಂದಿ ಕಾಟಕ್ಕೆ, ಆನೆ ಕಾಟಕ್ಕೆ ಉದ್ದ ಬಂದೂಕು ಕೇಳುತ್ತಿದ್ದರು. ಈಗ ಸೈಟು ವ್ಯವಹಾರದವರು ಸೊಂಟದಲ್ಲಿ ಸಿಕ್ಕಿಸಿಕೊಳ್ಳಲು ಪಿಸ್ತೂಲು ಕೇಳತೊಡಗಿದರು. ಅಂಥವನೊಬ್ಬನಿಗೆ ಬೇಡವೆಂದು ನಾನು ಬರೆದರೂ ಹೇಗೋ ಪರವಾನಗಿ ಸಿಕ್ಕಿತು. ಒಂದು ಗೃಹಪ್ರವೇಶಕ್ಕೆ ಬಂದವನು ಕಾರಿನಿಂದ ಇಳಿಯುವಾಗ, ಎಲ್ಲರಿಗೂ ಕಾಣಲಿ ಎಂದು ಅಂಗಿ ಸರಿಸಿ ಅದನ್ನು ಸರಿಮಾಡಿಕೊಳ್ಳಲು ಹೋಗಿ ತನ್ನ ತೊಡೆಗೇ ಗುಂಡು ಹಾರಿಸಿಕೊಂಡ. ಪುಣ್ಯಕ್ಕೆ ಬದುಕಿದ. ಆಸ್ಪತ್ರೆಯಲ್ಲಿ ಹೇಳಿಕೆ ಪಡೆಯಲು ಹೋದಾಗ ಅವನು ಕೇಳಿದ್ದು ಒಂದೇ, ಶತ್ರುಗಳು ಹೊಡೆದರು ಅಂತ ಬರೆಯೋಕೆ ಆಗುತ್ತಾ ಎಂದು.

ಹಾಗೆಂದು ಎಲ್ಲರಿಗೂ ಬೇಡವೆಂದೇ ಬರೆಯಲಿಲ್ಲ. ಕನಕಪುರದ ಕಾಡಂಚಿನಲ್ಲಿ ಒಂಟಿ ತೋಟದ ಮನೆ. ಅಣ್ಣ ತಮ್ಮಂದಿರ ಸಂಸಾರ. ಕಳ್ಳರು ಎರಡು ಸಲ ನುಗ್ಗಿ ಹೆಂಗಸರ ಮೇಲೆ ಕೈ ಮಾಡಿದ್ದರು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಂದು ಮನೆ ಇರಲಿಲ್ಲ. ಕೊಡಲೇಬೇಕು ಎಂದು ಬರೆದೆ. ಎಷ್ಟೋ ವರ್ಷದ ಮೇಲೆ ಚುನಾವಣೆ ಬಂದಾಗ, ನಿಯಮದಂತೆ ಎಲ್ಲರ ಹಾಗೆ ಅಣ್ಣನೂ ಬಂದೂಕನ್ನು ಠಾಣೆಗೆ ಒಪ್ಪಿಸಲು ತಂದ. ನಳಿಗೆಯೊಳಗೆ ಕಣಜದ ಹುಳು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಹಾರಿಸಿದ್ದರೆ ನಳಿಗೆಯೇ ಒಡೆಯುತ್ತಿತ್ತು. ನಾನು ರೇಗಿದೆ. ಅವನು ನಾಚಿಕೊಂಡು, ಇದು ಮನೆಯಲ್ಲಿದೆ ಎಂದು ಸುತ್ತೂರಿಗೆಲ್ಲ ಗೊತ್ತಾದ ಮೇಲೆ ಒಬ್ಬ ಕಳ್ಳನೂ ಸುಳಿದಿಲ್ಲ ಎಂದ. ಅದೂ ನಿಜವೇ. ಹೀಗಾಗಿ ಈ ವಿಷಯದಲ್ಲಿ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ನನ್ನ ಬಳಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಚಿಕ್ಕತಾಯಮ್ಮನ ಅರ್ಜಿ ಬಂದದ್ದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ. ಬಿಡದಿಯ ಕಾರ್ಖಾನೆಗಳ ಹತ್ತಿರ ಆಕೆ ಒಂದು ಮೆಸ್ ನಡೆಸುತ್ತಿದ್ದಳು. ತಿಪ್ಪಸಂದ್ರದ ಕಡೆಯ ಹೆಣ್ಣು, ಐವತ್ತರ ಆಸುಪಾಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ರಾಮನಗರದಲ್ಲಿ ಕಾಲೇಜು ಓದುತ್ತಿದ್ದಳು. ಮುದ್ದೆ, ಸೊಪ್ಪಿನ ಸಾರು, ಅನ್ನ, ಭಾನುವಾರ ಕೋಳಿ. ಕಾರ್ಖಾನೆ ಹುಡುಗರು ಆಕೆಯನ್ನು ಅಕ್ಕ ಎನ್ನುತ್ತಿದ್ದರು.

ಅದಕ್ಕೆ ಒಂದಷ್ಟು ತಿಂಗಳ ಹಿಂದೆ ಆ ಮೆಸ್ಸಿನ ಮುಂದೆಯೇ ಒಂದು ಕೊಲೆಯಾಗಿತ್ತು. ರಾಯಚೂರು ಕಡೆಯ ಮಲ್ಲೇಶ ಎಂಬ ಹುಡುಗ ಗುತ್ತಿಗೆ ಕೆಲಸದಲ್ಲಿದ್ದ. ಕೂಲಿಯ ವಿಚಾರದಲ್ಲಿ ಗುತ್ತಿಗೆದಾರನಿಗೆ ಎದುರು ಮಾತಾಡಿದ್ದ. ಗುತ್ತಿಗೆದಾರನ ಕಡೆಯ ಇಬ್ಬರು, ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿನಲ್ಲಿ, ಊಟ ಮುಗಿಸಿ ಹೊರಗೆ ಕೈ ತೊಳೆಯುತ್ತಿದ್ದ ಹುಡುಗನಿಗೆ ಚಾಕು ಹಾಕಿದರು. ರಸ್ತೆ ತುಂಬ ಜನ ಇದ್ದರು. ಆದರೆ ನೋಡಿದೆ ಎಂದು ಹೇಳಿದವಳು ಚಿಕ್ಕತಾಯಮ್ಮ ಒಬ್ಬಳೇ. ಎದುರಿನ ಗೋದಾಮಿನ ಸೆಕ್ಯೂರಿಟಿ ಗಾರ್ಡ್ ರಂಗಸ್ವಾಮಿ ಗೇಟಿನಲ್ಲೇ ನಿಂತಿದ್ದವನು, ಆ ಹೊತ್ತಿಗೆ ಒಳಗೆ ಹೋಗಿದ್ದೆ ಎಂದುಬಿಟ್ಟ. ಮಿಕ್ಕವರದೂ ಅದೇ ಮಾತು.

ಆರೋಪಿಗಳಿಗೆ ಜಾಮೀನು ಸಿಕ್ಕಿತು. ಆಮೇಲೆ ಶುರುವಾಯಿತು ಕಾಟ. ಯಾರೋ ಬಂದು ಸಾರಿನ ಪಾತ್ರೆ ಒದ್ದು ಹೋದರು. ಕೋರ್ಟಿಗೆ ಬಂದರೆ ಅದೇ ಜಾಗದಲ್ಲಿ ನಿನ್ನ ಮಗಳು ಎಂದು ಫೋನು ಬಂತು. ನಾವು ದೂರು ದಾಖಲಿಸಿಕೊಂಡು ಮೆಸ್ಸಿಗೆ ಒಬ್ಬ ಪೇದೆಯನ್ನು ಹಾಕಿದೆವು. ಆದರೆ ನಮ್ಮಲ್ಲಿ ಜನ ಎಷ್ಟು ಅಂತ ಇರುತ್ತಾರೆ? ಬಂದೋಬಸ್ತಿನ ಕೆಲಸ ಬಂದಾಗಲೆಲ್ಲ ಅವನನ್ನು ಎಬ್ಬಿಸಿಕೊಂಡು ಹೋಗಬೇಕಾಗುತ್ತಿತ್ತು. ಅವನು ಇಲ್ಲದ ಹೊತ್ತು ನೋಡಿಯೇ ಮತ್ತೆ ಫೋನು ಬರುತ್ತಿತ್ತು. ಆಕೆ ಪಿಸ್ತೂಲಿಗೆ ಅರ್ಜಿ ಹಾಕಿದ್ದು ಆಗ.

ಠಾಣೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆತ್ಮರಕ್ಷಣೆಗೆ ಎಂದು ಬರೆದಿದ್ದ ಅಷ್ಟೂ ಅರ್ಜಿಗಳಲ್ಲಿ ಆ ಮಾತಿಗೆ ನಿಜವಾದ ಅರ್ಥ ಇದ್ದದ್ದು ಇದರಲ್ಲೇ.

ನಾನು ಹೋದಾಗ ಊಟದ ಹೊತ್ತು ಮುಗಿದು ಮೆಸ್ ಖಾಲಿಯಾಗಿತ್ತು. ಇರುವುದು ಒಂದೇ ಬಾಗಿಲು. ಒಲೆ ಹಿಂದಿನ ಗೋಡೆಗೆ ಆನಿಸಿತ್ತು. ಅಲ್ಲಿ ನಿಂತರೆ ಬಾಗಿಲಿಗೆ ಬೆನ್ನು. ರಸ್ತೆಯಲ್ಲಿ ಓಡಾಡುವವರಿಗೆ ಒಳಗೆ ಏನು ನಡೆಯುತ್ತದೆ ಎಂಬುದೇ ಕಾಣುತ್ತಿರಲಿಲ್ಲ. ತಂದರೆ ಎಲ್ಲಿ ಇಟ್ಟುಕೊಳ್ಳುತ್ತೀಯಮ್ಮ ಎಂದು ಕೇಳಿದೆ. ಆಕೆ ಸೆರಗು ನೋಡಿಕೊಂಡಳು, ಸೊಂಟ ನೋಡಿಕೊಂಡಳು, ಗಲ್ಲಾ ಡಬ್ಬಿ ಇದ್ದ ಕಡೆ ನೋಡಿದಳು. ಕೊನೆಗೆ ನನ್ನನ್ನೇ ಕೇಳಿದಳು.

"ನೀವು ಸೊಂಟ್ದಲ್ಲಿ ಮಡಿಕಂಡಿದ್ದೀರಲ್ಲ ಸಾ, ಅದಿದ್ರೆ ಧೈರ್ಯವಾಗಿ ಇರ್ತದಾ?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಾನೊಬ್ಬನೇ ಆರೋಪಿಯ ಬೆನ್ನು ಹತ್ತಿ ಹೋಗುವಾಗ ಧೈರ್ಯ ಬರುತ್ತದೆ ಎಂದೆ. ಆದರೆ ಕೆಂಗಲ್ಲಿನ ಜಾತ್ರೆಯಲ್ಲಿ ಜನಜಂಗುಳಿಯ ನಡುವೆ ಬಂದೋಬಸ್ತು ನಿಂತಾಗ, ಯಾರಾದರೂ ಕಿತ್ತುಕೊಂಡಾರು ಎಂದು ಇಡೀ ದಿನ ಮೊಣಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡೇ ಇರುತ್ತೇನೆ, ಸಂಜೆಗೆ ಭುಜ ನೋಯುತ್ತದೆ ಎಂದೂ ಹೇಳಿದೆ.

ಕೊಡಬಹುದು ಎಂದೇ ಬರೆದೆ. ನಮ್ಮ ಡಿವೈಎಸ್‌ಪಿ ಮೇಡಂ ಚಿಕ್ಕ ವಯಸ್ಸಿನವರು, ಚುರುಕು. ವರದಿ ಓದಿ ನನ್ನನ್ನು ಕರೆಸಿದರು. ಬೇರೆಯವರಾಗಿದ್ದರೆ ಒಬ್ಬ ಮೆಸ್ಸಿನ ಹೆಂಗಸಿಗೆ ಪಿಸ್ತೂಲಾ ಎಂದು ಬದಿಗೆ ಎಸೆಯುತ್ತಿದ್ದರೇನೋ. ಇವರು ಕೇಳಿದ್ದೇ ಬೇರೆ: "ಆಕೆ ಜಾಗದಲ್ಲಿ ನೀವಿದ್ದಿದ್ರೆ ಇಟ್ಕೋತಿದ್ರಾ?" ಗೊತ್ತಿಲ್ಲ ಮೇಡಂ ಎಂದೆ. ಹಾಗಾದರೆ ಮೊದಲು ತರಬೇತಿ ಆಗಲಿ, ಅದು ಹೇಗೂ ಕಡ್ಡಾಯ, ಆಮೇಲೆ ಆಕೆಯೇ ಹೇಳಲಿ ಎಂದು ಕಳಿಸಿದರು.

ಈಗಿನವರಿಗೆ ಇದು ಸಾಮಾನ್ಯ ಅನ್ನಿಸಬಹುದು. ನಮ್ಮ ಕಾಲದಲ್ಲಿ ಬಂದೂಕು ಹಿಡಿಯಲು ಬಾರದವನಿಗೂ ಪರವಾನಗಿ ಕೈಗೆ ಬರುತ್ತಿತ್ತು. ಹಾರಿಸುವುದನ್ನು ಅವನು ಮನೆಯ ಹಿತ್ತಲಲ್ಲಿ ಕಲಿಯುತ್ತಿದ್ದ. ತರಬೇತಿ ಬೇಕೇಬೇಕು ಎಂಬ ನಿಯಮ ನಾನು ಕಂಡ ಬದಲಾವಣೆಗಳಲ್ಲೆಲ್ಲ ಒಳ್ಳೆಯದು.

ತರಬೇತಿ ನಡೆದದ್ದು ಒಂದು ಬೆಟ್ಟದ ಬುಡದ ಫೈರಿಂಗ್ ರೇಂಜಿನಲ್ಲಿ. ಕಲಿಸುತ್ತಿದ್ದವನು ಸಶಸ್ತ್ರ ಮೀಸಲು ಪಡೆಯ ಶಿವಣ್ಣ, ನನ್ನ ಹಳೆಯ ಪರಿಚಯ. ಅಲ್ಲಿ ಬಂದಿದ್ದವರೆಲ್ಲ ಹೆಚ್ಚಾಗಿ ಗಂಡಸರು, ಬಿಳಿ ಶೂ, ಕಪ್ಪು ಕನ್ನಡಕ. ನಡುವೆ ಚಿಕ್ಕತಾಯಮ್ಮ ಸೀರೆ ಎತ್ತಿ ಕಟ್ಟಿ, ಮಗಳು ಕೊಟ್ಟ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ನಿಂತಿದ್ದಳು. ದಿನವೂ ಮುದ್ದೆ ತೊಳಸಿ ಗಟ್ಟಿಯಾದ ತೋಳು, ಹಿಡಿದದ್ದು ಅಲ್ಲಾಡುತ್ತಿರಲಿಲ್ಲ. ರೈಫಲ್ಲಿನಲ್ಲಿ ಗುರಿ ಸರಿಯಾಗಿ ಬಿತ್ತು. ಪಿಸ್ತೂಲಿನಲ್ಲೂ ಬಿತ್ತು. ಮುಖದಲ್ಲಿ ಒಸಿ ಕಳೆ ಬಂತು. ಸಂತೋಷವಾಗಿತ್ತು ಆಕೆಗೆ, ನನಗೂ.

ಕೊನೆಯ ದಿನ ಆಕೆ ಶಿವಣ್ಣನ ಹತ್ತಿರ ಒಂದು ಪ್ರಶ್ನೆ ತೆಗೆದಳು. ರಟ್ಟಿನ ಮನುಷ್ಯ ನಿಂತ ಕಡೆಯೇ ನಿಂತಿರ್ತಾನೆ, ಚಾಕು ಹಿಡಿದು ಬರೋನು ಹಾಗೆ ನಿಲ್ಲಲ್ಲವಲ್ಲ, ಅವನು ಎಷ್ಟು ದೂರ ಇರುವಾಗ ನಾನು ತೆಗೆಯಬೇಕು ಎಂದು. ಶಿವಣ್ಣ ಗುಂಡು ಹಾರದ, ಬರೀ ಅಭ್ಯಾಸದ ಪಿಸ್ತೂಲೊಂದನ್ನು ಆಕೆಯ ಜಿಪ್ ಚೀಲದಲ್ಲಿ ಇಡಿಸಿದ. ಮೆಸ್ಸಿನಲ್ಲಿ ಒಲೆಯಿಂದ ಬಾಗಿಲಿಗೆ ಎಷ್ಟು ದೂರವೆಂದು ಕೇಳಿಕೊಂಡು ಅಷ್ಟು ದೂರ ಹೋಗಿ ಒಂದು ಕೋಲು ಹಿಡಿದು ನಿಂತ. ನಾನು ಬರ್ತೀನಿ, ತೆಗೀಯಮ್ಮ ಎಂದ.

ಜಿಪ್ ಅರ್ಧ ಎಳೆಯುವಷ್ಟರಲ್ಲಿ ಕೋಲು ಆಕೆಯ ಹೊಟ್ಟೆಗೆ ತಾಗಿತ್ತು. ಇನ್ನೊಮ್ಮೆ ಮಾಡಿದರು. ಮತ್ತೊಮ್ಮೆ ಮಾಡಿದರು. ಆಕೆ ಛಲದವಳು, ಕೊನೆಗೊಮ್ಮೆ ಪಿಸ್ತೂಲು ಹೊರಗೆ ಬಂತು, ನೇರ ಶಿವಣ್ಣನ ಎದೆಗೇ ಹಿಡಿದಳು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಶಿವಣ್ಣ ಮಾತ್ರ ಪಕ್ಕಕ್ಕೆ ಸರಿದು, ಹಿಂದೆ ಯಾರಿದ್ದಾರೆ ನೋಡು ಎಂದ. ಅವನ ಬೆನ್ನ ಹಿಂದೆ ಬೆಂಚಿನ ಮೇಲೆ ಇಬ್ಬರು ಕೂತು ನೀರು ಕುಡಿಯುತ್ತಿದ್ದರು.

ಚಿಕ್ಕತಾಯಮ್ಮ ಪಿಸ್ತೂಲು ಕೆಳಗಿಳಿಸಿದಳು. ಜೀಪಿನಲ್ಲಿ ವಾಪಸು ಬರುವಾಗ, ಬಿಡದಿ ಹತ್ತಿರ ಬಂದಾಗ ಹೇಳಿದಳು.

"ನನ್ ಮೆಸ್ಸಲ್ಲಿ ಯಾವಾಗ್ಲೂ ಯಾರಾರ ಉಣ್ತಾ ಕುಂತಿರ್ತಾರೆ ಸಾ. ಅವನು ಬಂದ್ರೆ ಅವನ ಹಿಂದೆ ಒಂದು ಹುಡುಗ ಇದ್ದೇ ಇರ್ತನೆ. ನನಗೆ ಬ್ಯಾಡ ಅದು. ಆದ್ರೆ ಬ್ಯಾಡ ಅಂದ್‌ಬುಟ್ಟು ಸುಮ್ಕೆ ಕೂರೋಕೂ ಆಗಕಿಲ್ಲ. ಬ್ಯಾರೆ ಏನಾರ ಮಾಡ್ಬೇಕು."

ಬೇರೆ ಏನು ಮಾಡಬೇಕು ಎಂಬುದನ್ನು ಆಕೆಯೇ ಯೋಚಿಸಿ ಯೋಚಿಸಿ ಮಾಡಿದಳು. ರಸ್ತೆ ಕಡೆಯ ಗೋಡೆ ಒಡೆಸಿ ಅರ್ಧ ಎತ್ತರದ ಕಟ್ಟೆ ಹಾಕಿಸಿದಳು. ಈಗ ರಸ್ತೆಯಲ್ಲಿ ಹೋಗುವ ಯಾರಿಗಾದರೂ ಒಳಗೆಲ್ಲ ಕಾಣುತ್ತಿತ್ತು. ಒಲೆಯನ್ನು ತಿರುಗಿಸಿ ಬಾಗಿಲಿಗೆ ಮುಖ ಬರುವಂತೆ ಇಡಿಸಿದಳು. ಹಿಂದೊಂದು ಬಾಗಿಲು ಆಯಿತು. ಸ್ವಲ್ಪ ದೂರದಲ್ಲಿ ಆಟೋ ಸ್ಟ್ಯಾಂಡ್ ಇತ್ತು. ಅದರ ಹಿರಿಯ ಡ್ರೈವರ್ ಇಮ್ರಾನ್ ರಾಮನಗರದ ರೇಷ್ಮೆ ನೂಲು ತೆಗೆಯುವವರ ಮನೆಯವನು. ಅವನ ಹತ್ತಿರ ಹೋಗಿ, ನನಗೆ ಹೆದರಿಕೆ ಆಗ್ತದೆ ಕಣಪ್ಪ, ನಿಮ್ಮ ಗಾಡಿಗಳನ್ನು ನನ್ನ ಮೆಸ್ಸಿನ ಮುಂದೆ ನಿಲ್ಲಿಸ್ಕಳ್ಳಿ ಎಂದು ನೇರವಾಗಿ ಕೇಳಿದಳು. ಮರುದಿನದಿಂದಲೇ ಆಟೋಗಳು ಅಲ್ಲಿ ನಿಂತವು. ಮಗಳನ್ನು ಬಸ್ ಸ್ಟ್ಯಾಂಡಿಗೆ ಬಿಡುವುದು, ಕರೆತರುವುದು ಅವರದೇ ಕೆಲಸವಾಯಿತು. ನಾನು ನನ್ನ ಕಡೆಯಿಂದ ಸಾಕ್ಷಿ ರಕ್ಷಣೆಯ ಯೋಜನೆಯಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿದೆ. ಕ್ಯಾಮೆರಾ ಬಂತು. ಬೀಟಿನ ಪೇದೆಗಳು ಮಧ್ಯಾಹ್ನದ ಊಟ ಅಲ್ಲೇ ಮಾಡಲಿ ಎಂದು ಮೇಡಂ ಹೇಳಿದರು, ದುಡ್ಡು ಕೊಟ್ಟು ತಿನ್ನಬೇಕು ಎಂದೂ ಹೇಳಿದರು.

ಸಾಕ್ಷಿ ಹೇಳುವ ದಿನ ಹತ್ತಿರವಾದಾಗ ಅವರು ಬಂದೇ ಬಂದರು. ಆರೋಪಿಗಳಲ್ಲಿ ಒಬ್ಬ, ಅವನ ಜೊತೆ ಇನ್ನೊಬ್ಬ. ಮಧ್ಯಾಹ್ನ, ಊಟದ ಜನ ಕರಗಿದ ಹೊತ್ತು. ನಮ್ಮ ಪೇದೆ ಉಂಡು ಹೋಗಿ ಆಗಿತ್ತು. ಇಬ್ಬರೂ ಮುಂದಿನ ಮೇಜಿಗೆ ಕೂತು, ಪೇಪರಿನಲ್ಲಿ ಸುತ್ತಿದ ಉದ್ದನೆಯ ಮಚ್ಚನ್ನು ಮೇಜಿನ ಮೇಲೆ ಇಟ್ಟರು. ಚಿಕ್ಕತಾಯಮ್ಮ ಒಲೆಯಿಂದ ಕೆಳಗಿಳಿಸಿದ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಎರಡೂ ಕೈಯಲ್ಲಿ ಮುದ್ದೆ ತೊಳಸುತ್ತಿದ್ದಳು. ಸಂಜೆ ಪಾಳಿಯವರಿಗೆ ಮಾಡುತ್ತಿದ್ದ ಮುದ್ದೆ. ಕೈ ನಿಂತರೆ ಗಂಟಾಗುತ್ತದೆ. ಆಕೆ ನಿಲ್ಲಿಸಲಿಲ್ಲ. ಉಣ್ಣೋದಾದರೆ ಕೈ ತೊಳೆದುಕೊಂಡು ಬನ್ನಿ ಎಂದಳಂತೆ.

ರಸ್ತೆಯಿಂದ ಇಮ್ರಾನ್ ಇದನ್ನು ನೋಡಿದ. ಅವನು ಕೂಗಾಡಲಿಲ್ಲ. ಒಳಗೆ ಬಂದು ಪಕ್ಕದ ಮೇಜಿಗೆ ಕೂತ. ಅವನ ಹಿಂದೆ ಇನ್ನೊಬ್ಬ ಡ್ರೈವರ್ ಬಂದು ಕೂತ. ಮತ್ತೊಬ್ಬ ಬಂದ. ಸ್ವಲ್ಪ ಹೊತ್ತಿನಲ್ಲಿ ಇದ್ದ ಮೇಜುಗಳೆಲ್ಲ ತುಂಬಿದವು. ಎಲ್ಲರೂ ಆ ಇಬ್ಬರನ್ನೇ ನೋಡುತ್ತ ಕೂತಿದ್ದರು. ಕಟ್ಟೆಯ ಆಚೆ ರಸ್ತೆಯಲ್ಲಿ ಹೋಗುವವರೂ ಏನೆಂದು ನಿಂತು ನೋಡತೊಡಗಿದರು. ಪೇಪರಿನ ಪೊಟ್ಟಣವನ್ನು ಎತ್ತಿಕೊಂಡು ಇಬ್ಬರೂ ಎದ್ದು ಹೋದರು. ಕ್ಯಾಮೆರಾದಲ್ಲಿ ಎಲ್ಲ ಸಿಕ್ಕಿತ್ತು. ಸಾಕ್ಷಿಗೆ ಬೆದರಿಕೆ ಹಾಕಿದ್ದಕ್ಕೆ ಜಾಮೀನು ರದ್ದಾಗಿ ಆ ಆರೋಪಿ ಮತ್ತೆ ಜೈಲಿಗೆ ಹೋದ.

ನಾನು ಓಡಿ ಬಂದಾಗ ಚಿಕ್ಕತಾಯಮ್ಮ ಕೂತುಬಿಟ್ಟಿದ್ದಳು. ಪಿಸ್ತೂಲು ಇದ್ದಿದ್ದರೆ ಎಂದು ಒಂದು ಕ್ಷಣ ಅನ್ನಿಸಿತಾ ಎಂದು ಎಷ್ಟೋ ದಿನದ ಮೇಲೆ ಕೇಳಿದ್ದೆ. ಅನ್ನಿಸ್ತು, ಯಾಕೆ ಅನ್ನಿಸಲ್ಲ, ಆದರೆ ಕೈಯೆಲ್ಲ ಹಿಟ್ಟಾಗಿತ್ತು ಎಂದಳು.

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಆ ಅರ್ಜಿಯ ವಿಷಯವನ್ನೇ ಹಿಡಿದರು. ಈಕೆ ಪಿಸ್ತೂಲು ಕೇಳಿದವಳು, ಹೆದರಿಕೆಯಲ್ಲಿ ಕಂಡಕಂಡವರನ್ನೆಲ್ಲ ಕೊಲೆಗಾರರು ಅನ್ನುತ್ತಾಳೆ ಎಂಬ ಧಾಟಿಯಲ್ಲಿ ಪ್ರಶ್ನೆ ಹಾಕಿದರು. ಹೆದರಿಕೆ ಇತ್ತು ತಾನೇ ಎಂದರು.

"ಇತ್ತು ಸ್ವಾಮಿ. ಈಗ್ಲೂ ಐತೆ," ಎಂದಳು ಚಿಕ್ಕತಾಯಮ್ಮ. "ಹೆದ್ರಿಕೆ ಆಗಿದ್ದು ಆ ಮಗ ಸತ್ತ ಮ್ಯಾಲೆ. ನಾನು ನೋಡಿದ್ದು ಅದಕ್ ಮುಂಚೆ."

ನ್ಯಾಯಾಧೀಶರು ಬರೆದುಕೊಳ್ಳುವುದನ್ನು ನಿಲ್ಲಿಸಿ ಆಕೆಯನ್ನು ನೋಡಿದರು, ಮತ್ತೆ ಬರೆದುಕೊಂಡರು.

ಅದಾದ ವಾರದಲ್ಲೇ ಇರಬೇಕು, ನಾನು ಮೆಸ್ಸಿನಲ್ಲಿ ಊಟ ಮಾಡುತ್ತಿದ್ದೆ. ಎದುರಿನ ಗೋದಾಮಿನ ರಂಗಸ್ವಾಮಿ ಬಂದು ಕಟ್ಟೆಯ ಆಚೆ ನಿಂತ. ಬಹಳ ಕಾಲದಿಂದ ಆ ಕಡೆ ಕಾಲಿಟ್ಟಿರಲಿಲ್ಲ ಅವನು. ನನ್ನನ್ನು ನೋಡಿ ಹಿಂದೆ ಸರಿದ, ಆಮೇಲೆ ಏನನ್ನಿಸಿತೋ, ಅಲ್ಲೇ ನಿಂತ.

"ನಾನೂ ನೋಡಿದ್ದೆ ಕಣಕ್ಕ," ಎಂದ. "ಗೇಟಲ್ಲೇ ಇದ್ದೆ."

ಆಕೆ ಬಯ್ಯಲಿಲ್ಲ. ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದೂ ಕೇಳಲಿಲ್ಲ. ತಟ್ಟೆ ಇಟ್ಟು, ಮೊದಲು ಉಣ್ಣು, ಆಮೇಲೆ ಈ ಸಾಹೇಬ್ರಿಗೆ ಹೇಳೀಯಂತೆ ಎಂದು ನನ್ನ ಕಡೆ ತೋರಿಸಿದಳು. ಅವನು ಉಂಡ. ಆಮೇಲೆ ಹೇಳಿದ.

ನ್ಯಾಯಾಲಯದ ಅನುಮತಿ ಪಡೆದು ರಂಗಸ್ವಾಮಿಯನ್ನೂ ಸಾಕ್ಷಿಯಾಗಿ ಸೇರಿಸಿದೆವು. ಮುಂದೆ ತೀರ್ಪು ಬಂದು ಇಬ್ಬರಿಗೂ ಶಿಕ್ಷೆಯಾಯಿತು. ಮಲ್ಲೇಶನ ಅಣ್ಣ ರಾಯಚೂರಿನಿಂದ ಬಂದು ನಮ್ಮೆಲ್ಲರ ಕೈ ಹಿಡಿದುಕೊಂಡು ಅತ್ತ. ಆದರೆ ನನಗೆ ಅದಕ್ಕಿಂತ ಚೆನ್ನಾಗಿ ನೆನಪಿರುವುದು ರಂಗಸ್ವಾಮಿ ಸಾಕ್ಷಿ ಹೇಳಿದ ದಿನ.

ಅವನು ಬರುತ್ತಾನೋ ಇಲ್ಲವೋ ಎಂದು ನಾನು ಕೋರ್ಟಿನ ಗೇಟಿನ ಹತ್ತಿರ ಆಚೆ ಈಚೆ ಓಡಾಡುತ್ತಿದ್ದೆ. ಇಮ್ರಾನನ ಆಟೋ ಬಂದು ನಿಂತಿತು. ಮೊದಲು ಇಳಿದವಳು ಚಿಕ್ಕತಾಯಮ್ಮ. ಆಕೆಯ ಸಾಕ್ಷಿ ಎಂದೋ ಮುಗಿದಿತ್ತು, ಬರಬೇಕಾದ ಕೆಲಸವೇ ಇರಲಿಲ್ಲ. ಇಂದು ಮೆಸ್ ಇಲ್ಲವೇ ಎಂದು ಕೇಳಿದೆ. ಬಾಗಿಲು ಹಾಕಿಕೊಂಡು ಬಂದೆ ಎಂದಳು. ಆಮೇಲೆ ಆಟೋದೊಳಗೆ ಬಗ್ಗಿ, ಇಳಿಯಲು ಹಿಂದೆ ಮುಂದೆ ನೋಡುತ್ತಿದ್ದ ರಂಗಸ್ವಾಮಿಗೆ ಕೈ ಕೊಟ್ಟಳು.

"ಬಾ, ಇಳಿ. ನೀನು ಒಳಗಿಂದ ಬರೋಗಂಟ ನಾನು ಇಲ್ಲೇ ಕೂತಿರ್ತೀನಿ."